ಸೋತ ಕೈ ಆರಿಸಿದ ಪಂಪು

"ಅಜ್ಜಾರೆ, ಹಿರಿಯರು ಒಬ್ಬೊಬ್ಬರು ಒಂದೊಂದು ಪ್ರಾರ್ಥನೆ ಹೇಳಿಕೊಟ್ಟಿದ್ದಾರೆ. ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ, ಹನ್ನೊಂದಾಗಿವೆ. ಬದುಕಿನುದ್ದಕ್ಕೂ ಹಿಡಿದು ನಡೆಯಲು ಇವುಗಳಲ್ಲಿ ಯಾವುದು ಶ್ರೇಷ್ಠ?"

ಶಿಷ್ಯ ಗುರುಸಿದ್ಧ ಹೀಗೆ ಕೇಳಿ ಹಾಳೆಯನ್ನು ಗುರುಗಳ ಮುಂದೆ ಚಾಚಿದ. ಹೇಳಿ ನೋಡಿದೆಯಾ ಎಂದು ಗುರುಗಳು ವಿಚಾರಿಸಿದರು. ದಿನಾ ಸ್ನಾನ ಮಾಡಿ, ಮಡಿಯಲ್ಲಿ ಕೂತು, ಒಂದೊಂದನ್ನೇ ಹೇಳಿ ನೋಡಿದ್ದೇನೆ, ಎಲ್ಲವೂ ಚೆನ್ನಾಗಿಯೇ ಇವೆ, ಅದೇ ತೊಂದರೆ ಎಂದ ಅವನು. ಗುರುಗಳು ಹಾಳೆಯನ್ನು ಮುಟ್ಟಲೇ ಇಲ್ಲ. ಕೂಡು ತಮ್ಮಾ, ಒಬ್ಬ ಕಮ್ಮಾರನ ಮಗಳು ಸೈಕಲ್ ಪಂಪು ಕೊಂಡ ಕತೆ ಹೇಳುತ್ತೇನೆ, ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ ಎಂದು ಶುರುಮಾಡಿದರು.

ಒಂದು ಸೀಮೆಯ ಜನಕ್ಕೆ ಸೈಕಲ್ ಪಂದ್ಯದ ಹುಚ್ಚು. ಗಂಡುಮಕ್ಕಳಿಗೆ ಒಂದು ಪಂದ್ಯ, ಹೆಣ್ಣುಮಕ್ಕಳಿಗೆ ಒಂದು ಪಂದ್ಯ. ಹೆಣ್ಣುಮಕ್ಕಳದ್ದು ನೂರಿಪ್ಪತ್ತು ಕಿಲೋಮೀಟರ್. ಅದಕ್ಕೊಂದು ಕಟ್ಟಳೆ ಇತ್ತು. ದಾರಿಯಲ್ಲಿ ಯಾರೂ ಯಾರಿಗೂ ಸಹಾಯ ಮಾಡುವಂತಿಲ್ಲ. ಪಂಕ್ಚರ್ ಆದರೆ ಟ್ಯೂಬು ತಾವೇ ಬದಲಿಸಬೇಕು, ಗಾಳಿ ತಾವೇ ತುಂಬಬೇಕು. ಬೇರೆಯವರ ಪಂಪನ್ನು ಮುಟ್ಟಿದರೂ ಪಂದ್ಯದಿಂದ ಹೊರಗೆ. ಗೆದ್ದವಳಿಗೆ ರಾಜ್ಯದ ತಂಡದಲ್ಲಿ ಜಾಗ. ಹತ್ತೊಂಬತ್ತು ದಾಟಿದವರಿಗೆ ಪ್ರವೇಶವಿಲ್ಲ.

ಕಮ್ಮಾರನ ಮಗಳಿಗೆ ಆಗ ಹತ್ತೊಂಬತ್ತು. ಅದೇ ಅವಳ ಕೊನೆಯ ಪಂದ್ಯ. ಹಿಂದಿನ ವರ್ಷವೇ ಅವಳು ಗೆಲ್ಲಬೇಕಿತ್ತು. ತೊಂಬತ್ತು ಕಿಲೋಮೀಟರ್ ತನಕ ಎಲ್ಲರಿಗಿಂತ ಮುಂದಿದ್ದಳು. ಅಲ್ಲಿ ಮುಳ್ಳು ಚುಚ್ಚಿತು.

ಅವಳ ಹತ್ತಿರ ಇದ್ದದ್ದು ಅಂಗೈಯಗಲದ ಪಂಪು. ಆ ಸೀಮೆಯ ಸವಾರರೆಲ್ಲರ ಹತ್ತಿರವೂ ಅಂಥದ್ದೇ. ಅವರಿಗೆ ತೂಕದ ಭೂತ ಹಿಡಿದಿತ್ತು ಮಾರಾಯ! ಸೀಟು, ಪೆಡಲು, ನೀರಿನ ಬಾಟಲಿ, ಎಲ್ಲವನ್ನೂ ಅಕ್ಕಸಾಲಿಗನ ಅಂಗಡಿಗೆ ಒಯ್ದು ತೂಗಿಸುತ್ತಿದ್ದರು. ಚಿನ್ನ ತೂಗುವ ತಕ್ಕಡಿಯಲ್ಲಿ ಸೈಕಲ್ ಪಂಪು. ಒಬ್ಬಳ ಪಂಪು ಇನ್ನೊಬ್ಬಳದ್ದಕ್ಕಿಂತ ಹತ್ತು ಗ್ರಾಂ ಕಡಿಮೆ ಬಂದರೆ ಆ ವಾರವೆಲ್ಲ ಅದೇ ಮಾತು. ಗಾಳಿ ಎಷ್ಟು ತುಂಬುತ್ತದೆ ಎಂದು ಕೇಳಿದವರು ಯಾರೂ ಇರಲಿಲ್ಲ.

ಮುಳ್ಳು ಚುಚ್ಚಿದ ಮೇಲೆ ಅವಳು ದಾರಿಯ ಬದಿಗೆ ಕೂತು, ಟ್ಯೂಬು ಬದಲಿಸಿ, ಇನ್ನೂರು ಸಲ ಒತ್ತಿದಳು, ಮುನ್ನೂರು ಸಲ ಒತ್ತಿದಳು. ಪಂಪು ಕಾದು ಅಂಗೈ ಚುರುಗುಟ್ಟಿತು. ಚಕ್ರ ಮಾತ್ರ ಮೆತ್ತಗೇ ಇತ್ತು. ತೊಂಬತ್ತು ಕಿಲೋಮೀಟರ್ ಹ್ಯಾಂಡಲ್ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಪಂಪಿನ ಬಾಯಿ ಓರೆಯಾಗಿ ಟ್ಯೂಬಿನ ವಾಲ್ವು ಬುಡಸಹಿತ ಹರಿದುಬಂತು. ತುಂಬಿದ್ದ ಗಾಳಿಯೂ ಹೋಯಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಅಳುತ್ತ ನಡೆದು ಬಂದಳು. ಅಳದೆ ಏನು ಮಾಡುತ್ತಾಳೆ?

ಮನೆಯಲ್ಲಿ ಅಪ್ಪ ಆವತ್ತು ಹೊಸ ತಿದಿ ಕೊಂಡುತಂದಿದ್ದ. ಕುಲುಮೆಗೆ ಗಾಳಿ ಊದುವ ತಿದಿಯನ್ನು ಕಮ್ಮಾರರು ಹೇಗೆ ಆರಿಸುತ್ತಾರೆ, ಗೊತ್ತೇ ನಿನಗೆ? ಆ ಊರಿನ ಕಮ್ಮಾರರು ಬೆಳಿಗ್ಗೆ ತಿದಿ ಕೊಳ್ಳುತ್ತಿರಲಿಲ್ಲ. ಬೆಳಿಗ್ಗೆ ತೋಳಿನಲ್ಲಿ ಕಸುವಿರುತ್ತದೆ, ಕೈಗೆ ಸಿಕ್ಕಿದ ತಿದಿಯೆಲ್ಲ ಒಳ್ಳೆಯದೇ ಅನ್ನಿಸುತ್ತದೆ. ದಿನವಿಡೀ ಸುತ್ತಿಗೆ ಬೀಸಿ, ತೋಳು ಎತ್ತಲಾಗದಷ್ಟು ದಣಿದ ಮೇಲೆ, ಸಂಜೆ ಹೋಗಿ ಒತ್ತಿ ನೋಡುತ್ತಿದ್ದರು. ಆಗಲೂ ಯಾವ ತಿದಿ ಬೆಂಕಿ ಎಬ್ಬಿಸುತ್ತದೋ ಅದನ್ನೇ ತರುತ್ತಿದ್ದರು. ಹುಟ್ಟಿದಾಗಿನಿಂದ ಅವಳು ಇದನ್ನು ನೋಡಿದ್ದಳು. ತನ್ನ ಪಂಪಿಗೂ ಇದೇ ಲೆಕ್ಕ ಎಂದು ಆವತ್ತು ಹೊಳೆಯಿತು.

ಈ ವರ್ಷ ಪಂದ್ಯಕ್ಕೆ ಒಂದು ತಿಂಗಳಿರುವಾಗ ಅವಳು ಬಿಸಿಲಿನಲ್ಲಿ ನೂರು ಕಿಲೋಮೀಟರ್ ಸೈಕಲ್ ಹೊಡೆದಳು. ಮನೆಗೆ ಹೋಗಲಿಲ್ಲ, ನೆರಳಿಗೆ ಕೂರಲಿಲ್ಲ. ನೆಟ್ಟಗೆ ಪೇಟೆಯ ಸೈಕಲ್ ಅಂಗಡಿಗೆ ಬಂದು ಇಳಿದಳು. ಇಳಿದವಳೇ ತನ್ನ ಚಕ್ರದ ಗಾಳಿಯನ್ನೆಲ್ಲ ತೆಗೆದುಬಿಟ್ಟಳು. ಅಂಗಡಿಯವನು ಇವಳಿಗೆ ಬಿಸಿಲು ನೆತ್ತಿಗೇರಿದೆ ಎಂದುಕೊಂಡ. ಪಂಪು ಬೇಕು, ಆದರೆ ತುಂಬಿ ನೋಡಿಯೇ ಕೊಳ್ಳುವುದು ಎಂದಳು.

ಅವನು ಮೊದಲು ಹೆಬ್ಬೆಟ್ಟಿನ ಗಾತ್ರದ ಒಂದು ಉಕ್ಕಿನ ಡಬ್ಬಿ ತೋರಿಸಿದ. ಅದರೊಳಗೆ ಒತ್ತಿ ತುಂಬಿದ ಅನಿಲ. ಒತ್ತುವ ಕೆಲಸವೇ ಇಲ್ಲ, ಒಂದೇ ಏಟಿಗೆ ಚಕ್ರ ಕಲ್ಲಾಗುತ್ತದೆ ಎಂದು ಹೊಗಳಿದ.

"ಮೊದಲ ಮುಳ್ಳಿಗೆ ಸರಿ ಅಣ್ಣಾ, ಎರಡನೇ ಮುಳ್ಳಿಗೆ?" ಎಂದಳು.

"ಎರಡನೆಯದು ಯಾಕೆ ಚುಚ್ಚುತ್ತದೆ ತಾಯಿ?" ಎಂದ ಅವನು. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

ಆಮೇಲೆ ಅಂಗೈಯಗಲದ ಪಂಪುಗಳು ಬಂದವು. ಒಂದೊಂದರಲ್ಲೂ ತುಂಬಿ ನೋಡಿದಳು, ಬೆರಳು ಮರಗಟ್ಟಿದವು, ಚಕ್ರ ಮೆತ್ತಗೇ ಉಳಿಯಿತು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದನ್ನು ಅವಳೇ ಎಳೆದು ತೆಗೆದಳು. ಮೊಣಕೈಯುದ್ದ, ಕಪ್ಪು ಬಣ್ಣ. ಬುಡದಲ್ಲಿ ಕಾಲಿನಿಂದ ಮೆಟ್ಟಿ ಹಿಡಿಯಲು ಮಡಚುವ ಕಡ್ಡಿ. ಬಾಯಿಗೆ ಒಂದು ಗೇಣು ರಬ್ಬರ್ ಕೊಳವೆ, ಹಾಗಾಗಿ ಕೈ ನಡುಗಿದರೂ ವಾಲ್ವು ಅಲುಗುವುದಿಲ್ಲ. ನೆಲಕ್ಕೆ ಊರಿ, ಮೈಭಾರ ಬಿಟ್ಟು ಒತ್ತಿದಳು. ನೂರ ನಲವತ್ತನೇ ಸಲಕ್ಕೆ, ಹೆಬ್ಬೆರಳು ಊರಿದರೂ ತಗ್ಗದಷ್ಟು ಗಟ್ಟಿಯಾಯಿತು ಚಕ್ರ. ಗಾಳಿ ಬಿಟ್ಟು ಇನ್ನೊಮ್ಮೆ ತುಂಬಿದಳು. ಮತ್ತೆ ನೂರ ನಲವತ್ತು. ಅದನ್ನೇ ಕೊಂಡಳು.

ಪಂದ್ಯದ ದಿನ ಅವಳ ಸೈಕಲ್ಲಿಗೆ ಕಟ್ಟಿದ್ದ ಆ ಕಪ್ಪು ಕೊಳವೆ ನೋಡಿ ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಮ್ಮಾರನ ಮಗಳು ತಿದಿ ಕಟ್ಟಿಕೊಂಡು ಬಂದಿದ್ದಾಳೆ ಎಂದರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಒಬ್ಬ ಜವಳಿ ವರ್ತಕನ ಮಗಳು. ಆ ಸೀಮೆಯಲ್ಲೇ ಎಲ್ಲಕ್ಕಿಂತ ಹಗುರವಾದ ಪಂಪು ಅವಳದು. ಇವಳಿಗೂ ಒಳಗೆ ಅವಮಾನವಾಯಿತು, ಆದರೆ ಪಂಪು ಬಿಚ್ಚಿಡಲಿಲ್ಲ.

ತೊಂಬತ್ತು ಕಿಲೋಮೀಟರ್ ದಾಟುವಾಗ ಅವರಿಬ್ಬರೇ ಮುಂದಿದ್ದರು. ಯಾರೋ ಹೊಲಕ್ಕೆ ಬೇಲಿ ಹಾಕಲು ಜಾಲಿ ಕಂಟಿಯನ್ನು ದಾರಿಯುದ್ದ ಎಳೆದುಕೊಂಡು ಹೋಗಿದ್ದರು. ಮುಳ್ಳುಗಳು ಉದುರಿ ಬಿದ್ದಿದ್ದವು. ಇಬ್ಬರ ಚಕ್ರವೂ ಒಟ್ಟಿಗೇ ಕೂತಿತು.

ಇಬ್ಬರೂ ಇಳಿದರು, ಟಯರಿನೊಳಗೆ ಬೆರಳಾಡಿಸಿ ಮುಳ್ಳು ಕಿತ್ತರು, ಟ್ಯೂಬು ಬದಲಿಸಿದರು, ಗಾಳಿ ತುಂಬತೊಡಗಿದರು. ವರ್ತಕನ ಮಗಳು ಒತ್ತಿದಳು, ಒತ್ತಿದಳು, ಕೈ ಸೋತಿತು. ಇಷ್ಟು ಸಾಕು ಎಂದು ಮೆತ್ತನೆಯ ಚಕ್ರದ ಮೇಲೆಯೇ ಹೊರಟುಬಿಟ್ಟಳು. ಆಗ ಇವಳ ಎಣಿಕೆ ತೊಂಬತ್ತು. ಸುತ್ತ ನಿಂತ ಜನ ಎದ್ದು ಹೋಗೇ ತಂಗೀ, ಅವಳು ಹೋದಳು ಎಂದು ಕೂಗತೊಡಗಿದರು. ಇವಳ ಕೈಯೂ ನಡುಗುತ್ತಿತ್ತು. ಆದರೆ ಆ ನಡುಕದ ಪರಿಚಯ ಅವಳಿಗೆ ಮೊದಲೇ ಆಗಿತ್ತು. ಈ ಕೈಯಲ್ಲಿ, ಈ ಪಂಪಿನಲ್ಲಿ, ಇನ್ನು ಐವತ್ತು ಸಲ ಒತ್ತಲು ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಲೆ ಎತ್ತದೆ ನೂರ ನಲವತ್ತು ಮುಗಿಸಿ ಎದ್ದಳು.

ಆಮೇಲೆ ಕೇಳಬೇಡ. ಗಟ್ಟಿ ಚಕ್ರ ಟಾರು ರಸ್ತೆಯ ಮೇಲೆ ಸದ್ದು ಮಾಡುತ್ತ ಓಡಿತು. ಮುಂದೆ ಹೋದವಳ ಮೆತ್ತನೆ ಚಕ್ರ ನೆಲಕ್ಕೆ ಅಂಟಿಕೊಳ್ಳುತ್ತಿತ್ತು, ತುಳಿದಷ್ಟೂ ತುಳಿಯಬೇಕಾಗುತ್ತಿತ್ತು. ಕೊನೆಯ ಏರಿನಲ್ಲಿ ಕಮ್ಮಾರನ ಮಗಳು ಅವಳನ್ನು ಹಿಂದೆ ಹಾಕಿದಳು. ಗೆರೆ ದಾಟುವಾಗ ಹಿಂದೆ ಒಂದು ಫರ್ಲಾಂಗು ತನಕ ಯಾರೂ ಇರಲಿಲ್ಲ. ಜನ ಅವಳನ್ನು ಸೈಕಲ್ ಸಮೇತ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಹಲಗೆ ಬಡಿದರು, ಕುಣಿದರು. ಅವಳಪ್ಪ ಬೆಂಕಿ ಕಿಡಿ ಬಿದ್ದು ಕಲೆಯಾದ ಕೈಗಳಿಂದ ಚಪ್ಪಾಳೆ ತಟ್ಟುತ್ತ ಎಲ್ಲರೆದುರೇ ಅತ್ತ. ರಾಜ್ಯದ ತಂಡದ ಪಟ್ಟಿಯಲ್ಲಿ ಕಮ್ಮಾರನ ಮಗಳ ಹೆಸರು ಮೊದಲು ಬರೆದರು.

ವರ್ತಕನ ಮಗಳು ದೊಡ್ಡ ಮನಸ್ಸಿನವಳು. ಹತ್ತಿರ ಬಂದು ಕೈ ಹಿಡಿದಳು.

"ನಕ್ಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆ ಪಂಪು ಎಷ್ಟು ಗ್ರಾಂ ಇದೆ, ಹೇಳು" ಎಂದಳು.

"ತೂಗಿಸಿಲ್ಲ ಕಣೆ. ದಣಿದಾಗ ನೂರ ನಲವತ್ತು ಸಲ ಒತ್ತಿದರೆ ತುಂಬುತ್ತದೆ. ನನಗೆ ಗೊತ್ತಿರುವುದು ಅಷ್ಟೇ" ಎಂದಳು ಇವಳು.

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧನ ಮುಖ ಅರಳಿತ್ತು. ತಿಳಿಯಿತು ಅಜ್ಜಾರೆ, ಹನ್ನೊಂದರಲ್ಲಿ ಎಲ್ಲಕ್ಕಿಂತ ಉದ್ದವಾದದ್ದು, ಕಷ್ಟವಾದದ್ದು ಯಾವುದೋ ಅದನ್ನು ಹಿಡಿಯುತ್ತೇನೆ ಎಂದು ಹಾಳೆಯ ಮೇಲೆ ಬೆರಳಿಟ್ಟ. ಗುರುಗಳಿಗೆ ರೇಗಿತು. ನಿನ್ನ ತಲೆ, ಭಾರವಾದದ್ದು ಹಿಡಿ ಅಂತ ನಾನು ಯಾವಾಗ ಹೇಳಿದೆ ಎಂದು ಗದರಿಕೊಂಡರು. ಅವನು ಗಾಬರಿಯಾಗಿ ಬೆರಳು ತೆಗೆದ. ಆಮೇಲೆ ಮೆಲ್ಲಗಿನ ದನಿಯಲ್ಲಿ ಗುರುಗಳೇ ಕೇಳಿದರು:

"ಕಡೆಯ ಸಲ ನೀನು ಪೂರ್ತಿ ಸೋತು ನೆಲಕ್ಕೆ ಕೂತಾಗ, ತಾನಾಗಿ ನಿನ್ನ ಬಾಯಿಗೆ ಬಂದ ಮಾತು ಯಾವುದು, ಅದನ್ನು ಹೇಳು."