ಕ್ರೇಫಿಶ್‌ಗೆ ಮಾಡಿದ ತಾಮ್ರದ ಮನೆ

ಪಾತ್ರೆ ಬೀದಿಯ ನೇಮಿರಾಜನಿಗೂ ಕುಸುಮಳಿಗೂ ಮದುವೆಯಾಗಿ ಹದಿನಾರು ವರ್ಷದ ಮೇಲೆ ಮಗಳು ಬಂದಳು. ತೊಟ್ಟಿಲಿಗೆ ಬರಲಿಲ್ಲ, ಹೊಸ್ತಿಲು ದಾಟಿ ನಡೆದೇ ಬಂದಳು. ಎಂಟು ವರ್ಷದ ಹುಡುಗಿ, ಹೆಸರು ಚಂಪಾ. ಬಾಲಮಂದಿರದಲ್ಲಿ ಬೆಳೆದವಳು. ಕಾಗದಪತ್ರವೆಲ್ಲ ಮುಗಿದ ದಿನ ಗಂಡ ಹೆಂಡತಿ ಇಬ್ಬರೂ ಹೋಗಿ ಕೈ ಹಿಡಿದು ಕರೆದುಕೊಂಡು ಬಂದರು.

ನೇಮಿರಾಜ ತಾಮ್ರದ ಕೆಲಸದವನು. ಕೊಡ, ಚೊಂಬು, ಹಂಡೆ, ಏನು ಬೇಕಾದರೂ ಬಡಿದು ಕೊಡುತ್ತಿದ್ದ. ಅವನ ಪಾಲಿಗೆ ಲೋಕದಲ್ಲಿ ತಾಮ್ರಕ್ಕಿಂತ ಮಿಗಿಲಾದದ್ದು ಇನ್ನೊಂದಿಲ್ಲ. ನೆಗಡಿಯಾದವರಿಗೆ ತಾಮ್ರದ ಚೊಂಬಿನ ನೀರು ಕುಡಿ ಅನ್ನುತ್ತಿದ್ದ. ಹೊಟ್ಟೆನೋವಿಗೂ ಅದೇ. ಪರೀಕ್ಷೆಯಲ್ಲಿ ಫೇಲಾದ ಹುಡುಗರಿಗೂ ಅದೇ. ಸ್ಟೀಲಿನ ಲೋಟವನ್ನು ಅವನು ಹೊಸ್ತಿಲೊಳಗೆ ಬಿಟ್ಟವನಲ್ಲ.

ಈಗಲೇ ಹೇಳಿಬಿಡುತ್ತೇನೆ ಮಕ್ಕಳೇ, ನೇಮಿರಾಜ ಕೆಟ್ಟವನಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಕೆಟ್ಟವರಿಂದ ಆಗುವ ತೊಂದರೆ ತಕ್ಷಣ ಕಾಣುತ್ತದೆ. ಒಳ್ಳೆಯವರಿಂದ ಆಗುವುದು ನಿಧಾನವಾಗಿ ಕಾಣುತ್ತದೆ, ಅಷ್ಟೇ.

ಚಂಪಾ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು. ಊಟ ಹಾಕಲಾ ಅಂದರೆ ಹೂಂ. ಸಾಕಾ ಅಂದರೂ ಹೂಂ. ಇನ್ನೂ ಸ್ವಲ್ಪ ಹಾಕಲಾ ಅಂದರೆ ಅದಕ್ಕೂ ಹೂಂ. ಅಪ್ಪ ಅನ್ನು ಅಂದರು, ಅಂದಳು. ಅಮ್ಮ ಅನ್ನು ಅಂದರು, ಅದನ್ನೂ ಅಂದಳು. ಬೀದಿಯವರೆಲ್ಲ, "ಎಂಥ ಚಿನ್ನದಂಥ ಮಗು ಕುಸುಮಾ, ಒಂದಕ್ಕೂ ಇಲ್ಲ ಅನ್ನಲ್ಲ" ಎಂದು ಹೊಗಳಿದರು. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಒಂದಕ್ಕೂ ಇಲ್ಲ ಅನ್ನದ ಮಗು ಚಿನ್ನವೂ ಅಲ್ಲ, ಬೆಳ್ಳಿಯೂ ಅಲ್ಲ. ಅದು ಹೆದರಿದ ಮಗು.

ಆ ಹೆದರಿಕೆಗೆ ಕಾರಣವಿತ್ತು. ಹಿಂದೆ ಒಂದು ಮನೆಯವರು ಚಂಪಾಳನ್ನು ಸಾಕುತ್ತೇವೆಂದು ಕರೆದುಕೊಂಡು ಹೋಗಿ, ಎರಡೇ ತಿಂಗಳಿಗೆ ವಾಪಸ್ ತಂದು ಬಿಟ್ಟಿದ್ದರು. ತುಂಬ ಹಟದ ಹುಡುಗಿ, ಏನು ಕೊಟ್ಟರೂ ಬೇಡ ಅನ್ನುತ್ತಾಳೆ ಎಂದು ಅವಳೆದುರಿಗೇ ಹೇಳಿ ಹೋದರು. ಅವತ್ತಿನಿಂದ ಅವಳು ಬೇಡ ಅನ್ನುವ ಮಾತನ್ನೇ ನುಂಗಿಬಿಟ್ಟಳು. ವಾಪಸ್ ಬಿಟ್ಟ ಸಂಗತಿ ನೇಮಿರಾಜ, ಕುಸುಮ ಇಬ್ಬರಿಗೂ ಗೊತ್ತಿತ್ತು. ಈ ನುಂಗಿದ ಮಾತು ಮಾತ್ರ ಗೊತ್ತಿರಲಿಲ್ಲ.

ಶಾಲೆಯಿಂದ ಬರುವ ದಾರಿಯಲ್ಲಿ ಇಮ್ತಿಯಾಜನ ಬಣ್ಣದ ಮೀನಿನ ಅಂಗಡಿ. ಅಲ್ಲಿ ಒಂದು ಗಾಜಿನ ತೊಟ್ಟಿಯಲ್ಲಿ ನೀಲಿ ಬಣ್ಣದ ಕ್ರೇಫಿಶ್ ಇತ್ತು. ನೋಡದವರಿಗೆ ಹೇಳುತ್ತೇನೆ: ಸಿಹಿನೀರಿನ ಪ್ರಾಣಿ, ಮೈ ಸೀಗಡಿಯದು, ಕೊಂಡಿ ಏಡಿಯದು, ಉದ್ದ ಮೀಸೆ. ಚಂಪಾ ದಿನಾ ಅದರೆದುರು ನಿಲ್ಲುವುದನ್ನು ನೇಮಿರಾಜ ಗಮನಿಸಿದ.

"ಬೇಕಾ ಪುಟ್ಟಿ?"

"ಹೂಂ" ಅಂದಳು. ಈ ಹೂಂ ಬೇರೆ ಥರ ಇತ್ತು. ಕಣ್ಣು ಕೂಡ ಜೊತೆಗೆ ಹೂಂ ಅಂದಿತ್ತು.

ಇಮ್ತಿಯಾಜ್ ಸುಮ್ಮನೆ ಮಾರುವ ಆಸಾಮಿಯಲ್ಲ. "ಮೊದಲು ತೊಟ್ಟಿ ಇಡಿ ನೇಮಣ್ಣ. ನೀರು ತುಂಬಿಸಿ, ಗಾಳಿ ಮಷಿನ್ ಹಾಕಿ ಬಿಡಿ. ನೀರು ಹದಕ್ಕೆ ಬಂದಾಗ ನಾನೇ ನೋಡಿ ಹೇಳ್ತೀನಿ" ಅಂದ. ಸುಮಾರು ಒಂದು ತಿಂಗಳು ಕಾಯಿಸಿದ. ತಾನೇ ಬಂದು ನೀರು ಪರೀಕ್ಷೆ ಮಾಡಿದ ಮೇಲೆ ಕ್ರೇಫಿಶ್ಶನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟು, ಚಂಪಾಳಿಗೆ ಎಲ್ಲ ವಿವರಿಸಿದ. "ಚೀಲಾನ ಹಾಗೇ ತೊಟ್ಟೀಲಿ ತೇಲಿಬಿಡಮ್ಮ. ಒಳಗಿನ ನೀರು, ಹೊರಗಿನ ನೀರು ಎರಡರ ಬಿಸಿನೂ ಒಂದಾಗಲಿ. ಆಮೇಲೆ ಐದೈದು ನಿಮಿಷಕ್ಕೆ ಸ್ವಲ್ಪ ಸ್ವಲ್ಪ ತೊಟ್ಟಿ ನೀರನ್ನ ಚೀಲಕ್ಕೆ ಸೇರಿಸು. ಒಂದು ಗಂಟೆ ಹಿಡೀಲಿ, ಪರವಾಗಿಲ್ಲ. ಅಡಗಿಕೊಳ್ಳೋಕೆ ಒಂದು ಒಡಕು ಮಡಕೆ ಮಲಗಿಸಿಡು. ಮೇಲೆ ಮುಚ್ಚಳ ಹಾಕು, ಇದು ಹತ್ತಿ ಓಡಿಹೋಗೋ ಪ್ರಾಣಿ. ನೇಮಣ್ಣ, ಹೊಸದು ಏನೇ ಹಾಕೋದಿದ್ರೂ ನನ್ನನ್ನ ಒಂದು ಮಾತು ಕೇಳಿ."

ಎಲ್ಲವನ್ನೂ ಚಂಪಾ ಚಾಚೂ ತಪ್ಪದೆ ಮಾಡಿದಳು. ಒಂದು ಗಂಟೆ ಕುಳಿತಲ್ಲಿಂದ ಏಳಲಿಲ್ಲ. ಕೊನೆಗೆ ಅದು ಚೀಲದಿಂದ ಮೆಲ್ಲಗೆ ಹೊರಗೆ ಬಂದು, ಮೀಸೆ ಆಡಿಸಿ, ಸರಕ್ಕನೆ ಮಡಕೆಯೊಳಗೆ ಸೇರಿಕೊಂಡಿತು. ನೀಲಪ್ಪ ಎಂದು ಹೆಸರಿಟ್ಟಳು. ಕುಸುಮ, "ನೀಲಪ್ಪನವರು ಊಟಕ್ಕೆ ಏನು ತಗೋತಾರಂತೆ?" ಅಂದಾಗ ಚಂಪಾ ನಕ್ಕಳು. ಆ ಮನೆಯಲ್ಲಿ ಅವಳು ಹಲ್ಲು ತೋರಿಸಿ ನಕ್ಕದ್ದು ಅದೇ ಮೊದಲು.

ಆದರೆ ನೀಲಪ್ಪ ಎರಡು ದಿನ ಮಡಕೆ ಬಿಟ್ಟು ಹೊರಗೆ ಬರಲಿಲ್ಲ. ಊಟವನ್ನೂ ಮುಟ್ಟಲಿಲ್ಲ. ಹೊಸ ಜಾಗಕ್ಕೆ ಬಂದ ಪ್ರಾಣಿ, ಹಾಗೇ ಮಾಡುತ್ತದೆ. ಸುಮ್ಮನೆ ಬಿಟ್ಟಿದ್ದರೆ ತಾನಾಗಿಯೇ ಬರುತ್ತಿತ್ತು. ಬಿಡಬೇಕಲ್ಲ! ನೇಮಿರಾಜನಿಗೆ ತಡೆಯಲಾಗಲಿಲ್ಲ. "ನಮ್ಮನೆಗೆ ಬಂದವರು ಒಡಕು ಮಡಕೇಲಿ ಉಪವಾಸ ಇರೋದೇನೇ ಕುಸುಮಾ? ಬೀದಿಯವರು ನೋಡಿದ್ರೆ ಏನಂತಾರೆ?"

ಕೂತು ಒಂದು ದಿನವಿಡೀ ಬಡಿದ. ಅಂಗೈಯಗಲದ ತಾಮ್ರದ ಮನೆ. ಕಮಾನಿನ ಬಾಗಿಲು, ಎರಡು ಕಿಟಕಿ, ಮೇಲೊಂದು ಪುಟ್ಟ ಕಳಸ. ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಅನ್ನಿಸಿದ. ಅರಸುಮಗನಿಗೂ ಅಂಥ ಮನೆ ಸಿಕ್ಕಿರಲಿಕ್ಕಿಲ್ಲ. ಇಮ್ತಿಯಾಜನನ್ನು ಒಂದು ಮಾತು ಕೇಳಿದನೇ? ಇಲ್ಲ. ತಾಮ್ರ ಹಾಕುವುದಕ್ಕೆ ಕೇಳುವುದೇನು ಎಂದುಕೊಂಡ. ನೀಲಪ್ಪನನ್ನು ಹೊರಕ್ಕೆ ಜಾರಿಸಿ, ಒಡಕು ಮಡಕೆಯನ್ನು ತೆಗೆದೆಸೆದು, ತಾಮ್ರದ ಮನೆಯನ್ನು ತೊಟ್ಟಿಯೊಳಗಿಟ್ಟ.

"ಹೇಗಿದೆ ಮಗಳೇ?"

"ಚೆನ್ನಾಗಿದೆ ಅಪ್ಪ."

"ನೀಲಪ್ಪನಿಗೂ ಇಷ್ಟ ಆಯ್ತು ಅಲ್ವಾ?"

ಚಂಪಾ ತೊಟ್ಟಿ ನೋಡಿದಳು. ನೀಲಪ್ಪ ಆ ಮನೆಯ ಹತ್ತಿರಕ್ಕೂ ಸುಳಿದಿರಲಿಲ್ಲ. ದೂರದ ಮೂಲೆಯಲ್ಲಿ ಗಾಳಿಯ ಕೊಳವೆ ಹಿಡಿದು ಮೇಲೆ ಮೇಲೆ ಹತ್ತಲು ನೋಡುತ್ತಿದ್ದ. ಅವಳಿಗೆ ಅದು ಕಾಣುತ್ತಿತ್ತು. ಅಪ್ಪನ ಮುಖದ ಖುಷಿಯೂ ಕಾಣುತ್ತಿತ್ತು.

"ಹೂಂ" ಅಂದಳು.

ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಇಲ್ಲಿ ಅತಿಯೂ ಆಗಬೇಕಿರಲಿಲ್ಲ.

ಮೂರನೆಯ ದಿನ ಚಂಪಾ ಶಾಲೆಯಿಂದ ಬಂದಾಗ ನೀಲಪ್ಪ ಒಂದು ಪಕ್ಕಕ್ಕೆ ವಾಲಿ ಬಿದ್ದಿದ್ದ. ಕೊಂಡಿ ಜೋತುಬಿದ್ದಿತ್ತು. ಕಾಲು ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು. ಚಂಪಾ ಚೀಲವನ್ನೂ ಇಳಿಸದೆ ತೊಟ್ಟಿಯ ಮುಂದೆ ಕುಳಿತು ಅತ್ತಳು. ಸದ್ದಿಲ್ಲದ ಅಳು. ಎಷ್ಟು ಹೊತ್ತಾಗಿತ್ತೋ, ನೇಮಿರಾಜ ನೀರು ಕುಡಿಯಲು ಒಳಗೆ ಬಂದಾಗಲೇ ಗೊತ್ತಾದದ್ದು. ಕುಸುಮ ಕಾಲಿಗೆ ಚಪ್ಪಲಿಯೂ ಹಾಕದೆ ಇಮ್ತಿಯಾಜನನ್ನು ಕರೆಯಲು ಓಡಿದಳು.

ನೇಮಿರಾಜ ಮಗಳ ಪಕ್ಕ ಕುಳಿತ. "ಏನಾಯ್ತು ಕಂದಾ? ಬೆಳಿಗ್ಗೆ ಚೆನ್ನಾಗಿತ್ತಲ್ಲ."

"ಇರಲಿಲ್ಲ ಅಪ್ಪ. ಮೊದಲ ದಿನಾನೇ ಚೆನ್ನಾಗಿರಲಿಲ್ಲ. ಅದಕ್ಕೆ ಆ ಮನೆ ಬೇಡವಾಗಿತ್ತು. ನಂಗೆ ಗೊತ್ತಾಗ್ತಿತ್ತು."

"ಮತ್ತೆ ಹೇಳಬಾರದಿತ್ತಾ?"

ಚಂಪಾ ಬಿಕ್ಕುತ್ತಾ ಹೇಳಿದಳು. "ಬೇಡ ಅಂದ್ರೆ ವಾಪಸ್ ಕಳಿಸ್ತಾರೆ."

ನೇಮಿರಾಜನಿಗೆ ಎದೆಗೆ ಒದ್ದ ಹಾಗಾಯಿತು. ಎರಡು ತಿಂಗಳಿಂದ ಕೇಳಿದ ಒಂದೊಂದು ಹೂಂ ಕೂಡ ನೆನಪಿಗೆ ಬಂತು. ಬಡಿಸಿದ್ದು, ಉಡಿಸಿದ್ದು, ಕುಡಿಸಿದ್ದು ಎಲ್ಲಕ್ಕೂ ಹೂಂ. ಅದರಲ್ಲಿ ಎಷ್ಟು ನಿಜ, ಎಷ್ಟು ಹೆದರಿಕೆ ಅಂತ ಅವನಿಗೆ ತಿಳಿಯದು.

ಅಷ್ಟರಲ್ಲಿ ಇಮ್ತಿಯಾಜ್ ಬಂದ. ಕೈಯಲ್ಲಿ ತನ್ನ ತೊಟ್ಟಿಯ ನೀರು ತುಂಬಿದ ಕ್ಯಾನು, ಒಂದು ಪ್ಲಾಸ್ಟಿಕ್ ಡಬ್ಬ. ಬಂದವನೇ ತೊಟ್ಟಿಯೊಳಗೆ ಬಗ್ಗಿ ನೋಡಿದ.

"ನೇಮಣ್ಣ, ಇದು ತಾಮ್ರನಾ?"

"ಅಪ್ಪಟ ತಾಮ್ರ ಕಣಪ್ಪ."

"ಅಪ್ಪಟ ಬೇರೆ. ಈ ಜಾತಿ ಪ್ರಾಣಿಗೆ ತಾಮ್ರ ವಿಷ ನೇಮಣ್ಣ. ನೀರಲ್ಲಿ ಸ್ವಲ್ಪ ಬಿಟ್ಟರೂ ತಡ್ಕೊಳಲ್ಲ."

"ತಾಮ್ರ ವಿಷಾನಾ? ಊರಿಗೆಲ್ಲ ಔಷಧಿ ಅಂತ ಹೇಳ್ಕೊಂಡು ಬಂದಿದ್ದೀನಲ್ಲಯ್ಯ."

"ಊರವರ ವಿಷಯ ನೀವುಂಟು, ಊರವರುಂಟು. ಇದು ನೀಲಪ್ಪ. ನಡೀರಿ, ಒಂದು ಲೋಟ ತನ್ನಿ. ತಾಮ್ರದ್ದು ಬೇಡ, ಹಿತ್ತಾಳೆನೂ ಬೇಡ, ಅದರಲ್ಲೂ ತಾಮ್ರ ಇರತ್ತೆ."

ಕುಸುಮ ಅಡುಗೆಮನೆಯೆಲ್ಲ ಜಾಲಾಡಿದಳು. ಚೊಂಬು, ಲೋಟ, ಸೌಟು, ತಟ್ಟೆ, ಎಲ್ಲ ತಾಮ್ರ, ಇಲ್ಲದಿದ್ದರೆ ಹಿತ್ತಾಳೆ. ಅಷ್ಟು ಪಾತ್ರೆಯ ಮನೆಯಲ್ಲಿ ನೀಲಪ್ಪನಿಗೆ ಆಗುವಂಥ ಒಂದು ಲೋಟ ಸಿಗಲಿಲ್ಲ. ಆಗ ಚಂಪಾ ಎದ್ದು ಒಳಗೆ ಹೋಗಿ ತನ್ನ ಬಟ್ಟೆಗಳ ಕೆಳಗಿಂದ ಒಂದು ಹಳೆಯ ಹಸಿರು ಪ್ಲಾಸ್ಟಿಕ್ ಮಗ್ ತಂದಳು. ಹಿಡಿ ಮುರಿದಿತ್ತು.

"ಬಾಲಮಂದಿರದ್ದು" ಅಂದಳು. "ನೀವು ಪ್ಲಾಸ್ಟಿಕ್ ಇಷ್ಟಪಡಲ್ಲ ಅಂತ ಒಳಗಿಟ್ಟಿದ್ದೆ."

ನೇಮಿರಾಜ ಆ ಮಗ್ಗನ್ನು ಎರಡೂ ಕೈ ಚಾಚಿ ತೆಗೆದುಕೊಂಡ.

ನೀಲಪ್ಪನನ್ನು ಡಬ್ಬಕ್ಕೆ ಇಳಿಸಿದರು. ಇಮ್ತಿಯಾಜ್ ಹೇಳಿಕೊಟ್ಟ ಹಾಗೆ ನೇಮಿರಾಜನೇ ಕುಳಿತು, ಡಬ್ಬದ ನೀರನ್ನು ಸ್ವಲ್ಪ ತೆಗೆಯುವುದು, ಒಳ್ಳೆ ನೀರನ್ನು ಸ್ವಲ್ಪ ಸೇರಿಸುವುದು, ಹೀಗೆ ಶುರು ಮಾಡಿದ. ಕೊಡಗಟ್ಟಲೆ ಸುರಿದು ಅಭ್ಯಾಸವಾದ ಕೈ, ಈಗ ಅರ್ಧರ್ಧ ಮಗ್ ಅಳೆದು ಹುಯ್ಯುತ್ತಿತ್ತು. ನಡುನಡುವೆ ಮಗಳಿಗೆ ಹೇಳಿದ.

"ನೀನು ಹೇಳದೆ ಇದ್ದದ್ದು ತಪ್ಪಲ್ಲ ಚಂಪಾ. ನಾನು ಕೇಳದೆ ಮಾಡಿದ್ದು ತಪ್ಪು. ಮಾಡಿ ಆದ್ಮೇಲೆ ಚೆನ್ನಾಗಿದೆಯಾ ಅಂತ ಕೇಳಿದ್ರೆ ಅದು ಕೇಳಿದ ಹಾಗಾಗಲ್ಲ, ಹೊಗಳಿಸಿಕೊಂಡ ಹಾಗೆ."

"ಇದು ಸತ್ತುಹೋದ್ರೆ?"

"ಸತ್ತುಹೋದ್ರೆ ನನ್ನಿಂದ. ನಿನ್ನಿಂದ ಅಲ್ಲ. ಯಾರು ಕೇಳಿದ್ರೂ ನಾನೇ ಹಾಗಂತ ಹೇಳ್ತೀನಿ."

ಮರುದಿನವೂ ನೀಲಪ್ಪ ಮಲಗಿಯೇ ಇದ್ದ. ಅದರ ಮರುದಿನ ನೆಟ್ಟಗೆ ಕುಳಿತ. ನಾಲ್ಕನೆಯ ದಿನ ಕುಸುಮ ಮಣ್ಣಿನ ಕುಡಿಕೆಯಲ್ಲಿ ಬೇಯಿಸಿ ಹಾಕಿದ ಪಾಲಕ್ ಎಲೆಯನ್ನು ಕೊಂಡಿಯಲ್ಲಿ ಎಳೆದುಕೊಂಡು ತಿಂದ. ಮೂವರೂ ಉಸಿರು ಬಿಗಿಹಿಡಿದು ನೋಡಿದರು. ತೊಟ್ಟಿಯನ್ನು ತೊಳೆದು, ಇಮ್ತಿಯಾಜ್ ಹೇಳಿದಷ್ಟು ದಿನ ಕಾದು, ಹೊಸದಾಗಿ ನೀರು ಹದ ಮಾಡಿ, ಇನ್ನೊಂದು ಒಡಕು ಮಡಕೆ ಹುಡುಕಿ ತಂದಿಟ್ಟರು. ನೀಲಪ್ಪ ಹಿಂಹಿಂದಕ್ಕೆ ಸರಿದು ಅದರೊಳಗೆ ಕುಳಿತ.

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡಿರಾ? ನೀಲಪ್ಪ ಬದುಕಿದ, ಎಲ್ಲರೂ ಸುಖವಾಗಿದ್ದರು ಅಂತ? ಇರಿ. ಹುಡುಗಿ ಇನ್ನೂ ಹೂಂ ಅನ್ನುತ್ತಲೇ ಇದ್ದಳು. ನುಂಗಿದ ಮಾತು ಅಷ್ಟು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತಿದ್ದರು. ಕುಸುಮ ಹಾಗಲಕಾಯಿ ಗೊಜ್ಜು ಮಾಡಿದ್ದಳು. ಸೌಟು ತುಂಬಿಕೊಂಡು ಚಂಪಾಳ ತಟ್ಟೆಯ ಹತ್ತಿರ ತಂದಳು. ಹಾಕು ಹಾಕು, ರಕ್ತಕ್ಕೆ ಒಳ್ಳೇದು ಎಂದು ಹೇಳಲು ನೇಮಿರಾಜ ಬಾಯಿ ತೆರೆದ. ತೆರೆದ ಬಾಯಿ ಮುಚ್ಚಿ, ಹೆಂಡತಿಯ ಕೈ ಹಿಡಿದು ನಿಲ್ಲಿಸಿದ.

"ತಾಳೇ. ಮೊದಲು ಕೇಳೋಣ. ಚಂಪಾ, ನಿಂಗೆ ಇದು ಬೇಕಾ? ನಿಧಾನಕ್ಕೆ ಹೇಳು. ನಮಗೇನೂ ಅವಸರ ಇಲ್ಲ."

ಚಂಪಾ ತಟ್ಟೆ ನೋಡಿದಳು. ಸೌಟು ನೋಡಿದಳು. ಅಮ್ಮನ ಮುಖ, ಅಪ್ಪನ ಮುಖ ನೋಡಿದಳು. ಅನ್ನ ಆರುತ್ತಿತ್ತು.

"ಬೇಡ" ಅಂದಳು.

ಎಷ್ಟು ಮೆತ್ತಗೆ ಅಂದಳೆಂದರೆ ಅವಳಿಗೇ ಕೇಳಿಸಿತೋ ಇಲ್ಲವೋ. ಕುಸುಮ ಸೌಟನ್ನು ಪಾತ್ರೆಗೆ ಹಾಕಿದಳು. "ಸರಿ ಕಂದಾ" ಅಂದಳು, ಅಷ್ಟೇ.

ಚಂಪಾ ಸ್ವಲ್ಪ ಹೊತ್ತು ಕಾದಳು. ಏನೂ ಆಗಲಿಲ್ಲ. ಆಮೇಲೆ, "ಬೆಳಿಗ್ಗೆ ಎದ್ದ ತಕ್ಷಣ ಚೊಂಬು ನೀರು ಕುಡೀಬೇಕಲ್ಲ, ಅದೂ ಬೇಡ. ಹೊಟ್ಟೆ ತೊಳಸತ್ತೆ" ಅಂದಳು. ಮತ್ತೆ, "ಜಡೆಗೆ ಅಷ್ಟು ಎಣ್ಣೆ ಬೇಡ ಅಮ್ಮ" ಅಂದಳು. ಒಂದಾದ ಮೇಲೊಂದು ಬಂದವು. ಹಳದಿ ಲಂಗ ಬೇಡ, ಕುತ್ತಿಗೆಗೆ ಚುಚ್ಚುತ್ತದೆ ಅದರ ರವಿಕೆ. ಪಕ್ಕದ ಮನೆಯವರ ಮುಂದೆ ಹಾಡು ಹೇಳು ಅನ್ನುವುದು ಬೇಡ. ನೇಮಿರಾಜ ಒಂದೊಂದಕ್ಕೂ ತಲೆಯಾಡಿಸುತ್ತಾ ಹೋದ. ಅವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಎಂಜಲು ಕೈ.

ಅದನ್ನು ನೋಡಿ ಚಂಪಾ ತಟಕ್ಕನೆ ನಿಲ್ಲಿಸಿದಳು. "ಜಾಸ್ತಿ ಆಯ್ತಾ ಅಪ್ಪ? ವಾಪಸ್ ಕಳಿಸ್ತೀರಾ?"

"ಎಲ್ಲಿಗೆ ಕಳಿಸಲಿ ಮಗಳೇ?" ಅಂದ ನೇಮಿರಾಜ. "ನೀನು ಇವತ್ತು ತಾನೇ ಮನೆಗೆ ಬಂದಿದ್ದೀಯ."

ನೀತಿ: ಪ್ರೀತಿಯಿಂದ ಕೊಟ್ಟದ್ದೆಲ್ಲ ಒಳ್ಳೆಯದೇ ಆಗಬೇಕೆಂದಿಲ್ಲ. ನಮಗೆ ಔಷಧಿಯಾದದ್ದು ಇನ್ನೊಂದು ಜೀವಕ್ಕೆ ವಿಷವಾಗಬಹುದು, ಅದಕ್ಕೇ ಕೊಡುವ ಮೊದಲು ಕೇಳಬೇಕು. ಹೆದರದೆ ಬೇಡ ಅನ್ನಲು ಎಲ್ಲಿ ಸಾಧ್ಯವೋ, ಹೊಸಬರಿಗೆ ಅದೇ ಮನೆ.