ಪತಂಗದ ರೆಕ್ಕೆಗೆ ರಾಗಿ ಹಿಟ್ಟು ಹತ್ತಿದ ಸಂಜೆ

ನದಿಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಯಾವ ಕಡೆಗೆ ಬೀಸಬೇಕೆಂಬುದು ಗಾಳಿಗೆ ಆಗಾಗ ಮರೆತುಹೋಗುತ್ತಿತ್ತು. ಜಗತ್ತು ಅಷ್ಟು ಹೊಸದಾಗಿತ್ತು.

ಅಂಥ ಹೊಸ ಜಗತ್ತಿನಲ್ಲಿ ಹಳೆಯದು ಅಂತ ಇದ್ದದ್ದು ಒಂದೇ. ಅದು ಹೊಳೆಯ ದಂಡೆಯ ಗಿರಣಿ.

ಜನ ಮನೆ ಕಟ್ಟಿಕೊಳ್ಳುವ ಮೊದಲೇ ಆ ಗಿರಣಿ ಕಟ್ಟಿದ್ದರು, ಯಾಕೆಂದರೆ ಅವರಿಗೆ ಹಸಿವಾಗಿತ್ತು. ಹೊಳೆಯ ನೀರು ಚಕ್ರ ತಿರುಗಿಸುತ್ತಿತ್ತು. ಚಕ್ರ ಕಲ್ಲು ತಿರುಗಿಸುತ್ತಿತ್ತು. ಕಲ್ಲು ರಾಗಿ ಬೀಸುತ್ತಿತ್ತು. ಆಮೇಲೆ ಮನೆಮನೆಗೂ ಒಂದೊಂದು ಬೀಸುವ ಕಲ್ಲು ಬಂತು. ಗಿರಣಿಗೆ ರಾಗಿ ತರುವವರು ಇಲ್ಲವಾದರು. ಚಕ್ರ ನಿಂತುಹೋಯಿತು.

ಆದರೂ ಊರಿನವರು ಗಿರಣಿಯನ್ನು ಬೀಳಲು ಬಿಡಲಿಲ್ಲ. ಅವರು ಉಂಡ ಮೊದಲ ಮುದ್ದೆಯ ಹಿಟ್ಟು ಅಲ್ಲಿಂದಲೇ ಬಂದದ್ದಲ್ಲವೇ? ಹೊಲದ ಕೆಲಸ ಮುಗಿಸಿ ಕೆಲವರು ಅಲ್ಲಿಗೆ ಹೋಗುತ್ತಿದ್ದರು. ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಯಾರೂ ಕೂಲಿ ಕೊಡುತ್ತಿರಲಿಲ್ಲ. ಗಿರಣಿಯ ಸುತ್ತಲಿನ ತೋಟದಲ್ಲಿ ಕಳೆ ಕೀಳುತ್ತಿದ್ದರು. ಹಕ್ಕಿಗಳಿಗೆ ಒಡೆದ ಮಡಕೆಯಲ್ಲಿ ನೀರಿಡುತ್ತಿದ್ದರು. ಆಮೆ ಮೊಟ್ಟೆಯಿಟ್ಟ ಜಾಗಕ್ಕೆ ನರಿ ಬಾರದಂತೆ ಮುಳ್ಳು ಹಾಕುತ್ತಿದ್ದರು.

ಅವರಿಗೆ ಒಂದು ಕಟ್ಟುಪಾಡಿತ್ತು. ಗಿರಣಿಯಲ್ಲಿ ಯಾವ ಜೀವದ ಮನೆಯನ್ನೂ ಯಾರೂ ಕೀಳಬಾರದು. ಇಲಿಯದಾಗಲಿ, ಕಣಜದ ಹುಳುವಿನದಾಗಲಿ, ಮನೆಯೆಂದರೆ ಮನೆ.

ಆ ತೋಟದ ಒಂದು ಮೂಲೆಯಲ್ಲಿ ಸೋರೆಬಳ್ಳಿ ಬೆಳೆಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಜವರಯ್ಯ. ಕಾಯಿ ಒಣಗಿದ ಮೇಲೆ ಅದನ್ನು ಸೀಳಿ, ಊರಿಗೆಲ್ಲ ನೀರು ಮೊಗೆಯುವ ಬುರುಡೆ ಮಾಡಿಕೊಡುತ್ತಿದ್ದ. ಆಗಿನ್ನೂ ಸೋರೆ ಆ ಮೂಲೆ ಬಿಟ್ಟು ಬೇರೆಲ್ಲಿಯೂ ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಜವರಯ್ಯ ತೀರಿಕೊಂಡ. ಅವನು ತೆಗೆದಿಟ್ಟಿದ್ದ ಬೀಜಕ್ಕೆ ಬೂಸ್ಟು ಹಿಡಿಯಿತು. ಉಳಿದದ್ದು ಒಂದು ಬೀಜ.

ಅವನ ಹೆಂಡತಿ ಪುಟ್ಟಮಾದಮ್ಮ ಆ ಒಂದು ಬೀಜ ನೆಟ್ಟಳು. ಅದು ಮೊಳೆಯಿತು. ಬಳ್ಳಿಯಾಯಿತು. ಚಪ್ಪರ ಹತ್ತಿತು. ಪುಟ್ಟಮಾದಮ್ಮ ಯಾರೊಡನೆಯೂ ಹೆಚ್ಚು ಮಾತಾಡದೆ ದಿನವೂ ಅದಕ್ಕೆ ನೀರು ಹಾಕಿದಳು.

ಹೂ ಬಿಡುವ ಮುನ್ನ ಗಿರಣಿಯಲ್ಲಿ ದೊಡ್ಡ ಕೆಲಸವೊಂದು ನಡೆಯಿತು. ಗಿರಣಿಯ ಗೋಡೆಗೆ ಒಂದು ಕಾಡುಬಳ್ಳಿ ದಟ್ಟವಾಗಿ ಹಬ್ಬಿತ್ತು. ಎಲ್ಲರೂ ಸೇರಿ ಅದನ್ನು ಎಳೆದೆಳೆದು ಕಿತ್ತರು, ಪುಟ್ಟಮಾದಮ್ಮನೂ ಕಿತ್ತಳು.

ಕೆಲಸಕ್ಕೆ ಯಾವಾಗಲೂ ಮುಂದಿರುತ್ತಿದ್ದ ಮುದ್ದಯ್ಯ ಸೊಂಟಕ್ಕೆ ಕೈಯಿಟ್ಟು ನಿಂತ. "ನೋಡಿ ಪುಟ್ಟಮಾದಕ್ಕ, ಗೋಡೆ ಹೆಂಗೆ ಕಾಣ್ತದೆ! ಕ್ಷೌರ ಮಾಡಿಸ್ಕೊಂಡ ಮದುವೆ ಗಂಡು ಇದ್ದಂಗೆ!"

ಎಲ್ಲರೂ ನಕ್ಕರು. ಹಕ್ಕಿಗೂಡು ಇದೆಯೇ ಎಂದು ಅವರು ಮೊದಲೇ ನೋಡಿದ್ದರು. ಬಿಲ ಇದೆಯೇ ಎಂದು ನೋಡಿದ್ದರು. ಎರಡೂ ಇರಲಿಲ್ಲ. ಎಲೆಯ ಅಡಿಯಲ್ಲಿ ಬೆನ್ನು ಕೆಳಗಾಗಿ ಮಲಗುವುದೇ ಒಂದು ಜೀವಕ್ಕೆ ಮನೆಯಾಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಸೋರೆ ಹೂ ಬಿಟ್ಟಿತು. ಸಂಜೆ ಬಿಳಿಯ ಹೂ ಅರಳಿತು, ಯಾರೂ ಬರಲಿಲ್ಲ. ಹೂವಿನ ಹಿಂದೆ ಇದ್ದ ಹೆಬ್ಬೆರಳಷ್ಟು ಪೀಚು ಹಳದಿಯಾಗಿ ಉದುರಿತು. ಮಾರನೆಯ ಸಂಜೆ ಮತ್ತೆ ಹೂ ಅರಳಿತು, ಯಾರೂ ಬರಲಿಲ್ಲ. ಮತ್ತೆ ಪೀಚು ಉದುರಿತು.

ಉದುರಿದ ಪೀಚುಗಳನ್ನು ಪುಟ್ಟಮಾದಮ್ಮ ಸೆರಗಿನಲ್ಲಿ ಹಾಕಿಕೊಂಡು ಕುಳಿತಳು. ಬಳ್ಳಿ ಬುಡದಿಂದ ಒಣಗುತ್ತ ಬರುತ್ತಿತ್ತು. ಒಂದಾದರೂ ಕಾಯಿ ಕಚ್ಚದಿದ್ದರೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ಜಗತ್ತಿನಲ್ಲಿ ಸೋರೆಯೇ ಇಲ್ಲ.

"ಏನವ್ವ, ಹಿಂಗೆ ಕೂತಿದ್ದೀಯ?" ಅಂದಿತು ಗಾಳಿ.

"ಹೂವಿನ ಹತ್ರ ಯಾರೂ ಬರ್ತಾ ಇಲ್ಲಪ್ಪ. ನಮ್ಮನೆಯವರು ಇದ್ದಾಗ ಸಂಜೆಯಾದ್ರೆ ಪತಂಗಗಳು ಮುತ್ತಿಕೊಳ್ಳೋವು. ಎಲ್ಲಿ ಹೋದ್ವೋ."

"ನೀವೇ ಓಡಿಸಿಬಿಟ್ಟು ನನ್ನ ಕೇಳ್ತೀಯಲ್ಲ! ಗೋಡೆ ಮೇಲಿನ ಬಳ್ಳಿ ಕಿತ್ರಲ್ಲ, ಅವು ಹಗಲು ಮಲಗ್ತಿದ್ದದ್ದು ಅದರ ಎಲೆ ಕೆಳಗೆ."

ಪುಟ್ಟಮಾದಮ್ಮ ತನ್ನ ಕೈ ನೋಡಿಕೊಂಡಳು. ತನ್ನ ಕೈಯಾರೆ ಕಿತ್ತ ಬಳ್ಳಿ. "ಸತ್ತುಹೋದ್ವಾ?" ಅಂದಳು. ಆ ಮಾತು ಅವಳಿಗೇ ಕೇಳಿಸದಷ್ಟು ಮೆಲ್ಲಗೆ ಬಂತು.

"ಇಲ್ಲವ್ವ. ಗಿರಣಿ ಕಲ್ಲಿನ ಕೆಳಗೆ ಕತ್ತಲೆ ಕೋಣೆ ಇದೆಯಲ್ಲ, ಅಲ್ಲಿ ಹೊಕ್ಕಿದ್ದಾವೆ. ರೆಕ್ಕೆ ಸದ್ದು ಕೇಳಿ ಬಂದೆ."

ಪುಟ್ಟಮಾದಮ್ಮ ಎದ್ದಳು. ಆ ಕೋಣೆಗೆ ಇದ್ದದ್ದು ಒಂದೇ ಕಿಂಡಿ. ಅದರ ಮೂಲೆಯಲ್ಲಿದ್ದ ಜೇಡರ ಬಲೆ, ಪತಂಗಗಳು ಒಳಹೊಕ್ಕ ಮೇಲೆ, ಕಿಂಡಿಯ ತುಂಬ ಹಬ್ಬಿತ್ತು. ಬಲೆಯ ನಡುವೆ ದೊಡ್ಡ ಜೇಡ. ಬಲೆಯ ಆಚೆ, ಕತ್ತಲಲ್ಲಿ, ನೂರಾರು ಪತಂಗಗಳು ಗೋಡೆಗೆ ಅಂಟಿ ಕುಳಿತಿದ್ದವು. ಆ ಕಾಲದಲ್ಲಿ ಪತಂಗದ ರೆಕ್ಕೆ ನೊಣದ ರೆಕ್ಕೆಯ ಹಾಗೆ ಬೋಳಾಗಿ, ತೆಳ್ಳಗೆ ಇತ್ತು. ಬಲೆಗೆ ತಾಗಿದರೆ ಸಾಕು, ಅಂಟಿಕೊಂಡು ಬಿಡುತ್ತಿತ್ತು.

"ಜೇಡಕ್ಕ, ಸ್ವಲ್ಪ ದಾರಿ ಬಿಡ್ತೀಯಾ?"

"ಯಾಕೆ ಬಿಡ್ಲಿ? ನೊಣ ತಿಂದು ತಿಂದು ನಾಲಿಗೆ ಕೆಟ್ಟುಹೋಗಿತ್ತು. ಈಗ ಮನೆ ಬಾಗಿಲಿಗೇ ಹಬ್ಬದೂಟ ಬಂದಿದೆ."

ಪುಟ್ಟಮಾದಮ್ಮ ಕೈ ಎತ್ತಿದಳು.

"ಹೂಂ, ಕೀಳು," ಅಂದಿತು ಜೇಡ. "ಬಳ್ಳಿ ಮನೆ ಕಿತ್ತಾಯ್ತು, ಇದನ್ನೂ ಕೀಳು. ಕಟ್ಟುಪಾಡು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀರಲ್ಲ!"

ಎತ್ತಿದ ಕೈ ಹಾಗೇ ನಿಂತಿತು. ಜೇಡ ಹೇಳಿದ್ದು ಸುಳ್ಳಲ್ಲ. ಪುಟ್ಟಮಾದಮ್ಮ ಕೈ ಇಳಿಸಿದಳು.

ಒಳಗಿನಿಂದ ಪತಂಗವೊಂದು ಕೂಗಿತು: "ಅಜ್ಜಿ, ಸೋರೆಹೂ ಅರಳಿದೆಯಾ? ವಾಸನೆ ಇಲ್ಲೀವರೆಗೂ ಬರ್ತಾ ಇದೆ. ಹೊಟ್ಟೆ ಹಸೀತಿದೆ. ಹೊರಗೆ ಬಂದ್ರೆ ಅಂಟಿಕೊಳ್ತೀವಿ."

ಅಂಟಿಕೊಳ್ಳುತ್ತೇವೆ. ಆ ಮಾತನ್ನು ಪುಟ್ಟಮಾದಮ್ಮ ಬಾಯಲ್ಲೇ ಇನ್ನೊಮ್ಮೆ ಹೇಳಿಕೊಂಡಳು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವಾಗ ಹಿಟ್ಟು ಕೈಗೆ ಅಂಟಿದರೆ ಏನು ಮಾಡುತ್ತೇವೆ? ಒಣಹಿಟ್ಟು ಮುಟ್ಟಿಕೊಳ್ಳುತ್ತೇವೆ. ಒಣಹಿಟ್ಟು ಮುಟ್ಟಿದ ಕೈಗೆ ಯಾವುದೂ ಅಂಟುವುದಿಲ್ಲ.

ಅವಳು ಹೊಳೆಯ ಹತ್ತಿರ ಓಡಿದಳು. ಅವಳು ಓಡಿದ್ದನ್ನು ಊರು ನೋಡಿ ಬಹಳ ಕಾಲವಾಗಿತ್ತು.

"ಹೊಳೆಯವ್ವ, ಒಂದು ಸಲ ಚಕ್ರ ತಿರುಗಿಸಿಕೊಡ್ತೀಯಾ?"

"ನೀವೇ ತಾನೇ ನನ್ನನ್ನ ಬೇಡ ಅಂದದ್ದು?" ಅಂದಿತು ಹೊಳೆ. "ಕಾಲುವೆ ಬಾಯಿಗೆ ಕಲ್ಲು ಬೇರೆ ಇಟ್ಟಿದ್ದೀರಿ."

"ಕಲ್ಲು ತೆಗೀತೀವಿ."

"ತೆಗೀರಿ ಮತ್ತೆ. ಬರೀ ಬಾಯಲ್ಲಿ ಹೇಳಿದ್ರೆ ನಾನು ಹತ್ತಿ ಬರಲಾ?"

ಪುಟ್ಟಮಾದಮ್ಮ ಮುದ್ದಯ್ಯನನ್ನು ಕರೆದಳು. ವಿಷಯ ಕೇಳಿ ಅವನ ಮುಖ ಸಣ್ಣಗಾಯಿತು. "ಅಯ್ಯೋ, ಮನೆ ಕಿತ್ತಿದ್ದಲ್ದೆ ಮದುವೆ ಗಂಡು ಅಂತ ಬೇರೆ ಅಂದ್ನಲ್ಲಕ್ಕ," ಅಂದ. ಬೇರೆ ಮಾತಾಡದೆ ಕಾಲುವೆಗೆ ಇಳಿದ. ಎಲ್ಲರೂ ಇಳಿದರು. ಕಲ್ಲು ಉರುಳಿಸಿದರು, ಹೂಳು ಎತ್ತಿದರು, ಚಕ್ರದ ಹಲ್ಲುಗಳಲ್ಲಿ ಸಿಕ್ಕಿದ್ದ ಬೇರು ಬಿಡಿಸಿದರು. ರಾತ್ರಿಯ ಮುದ್ದೆಗೆಂದು ಮನೆಗಳಲ್ಲಿ ಇಟ್ಟಿದ್ದ ರಾಗಿಯನ್ನು ಹೆಂಗಸರು ಮೊರದಲ್ಲಿ ತಂದು ಕಲ್ಲಿನ ಬಾಯಿಗೆ ಸುರಿದರು.

ಹೊಳೆ ಕಾಲುವೆಗೆ ನುಗ್ಗಿತು. ಚಕ್ರ ನರಳಿತು. ಒಮ್ಮೆ ಅಲ್ಲಾಡಿ ನಿಂತಿತು. ಆಮೇಲೆ ಮೆಲ್ಲಗೆ, ನಿದ್ದೆಯಿಂದ ಎದ್ದ ಎಮ್ಮೆಯ ಹಾಗೆ ಮೆಲ್ಲಗೆ, ಚಕ್ರ ತಿರುಗಿತು. ಚಕ್ರ ಕಲ್ಲು ತಿರುಗಿಸಿತು. ಕಲ್ಲು ರಾಗಿ ಬೀಸಿತು.

ಹಿಟ್ಟು ಕಲ್ಲಿನ ಸಂದಿಯಿಂದ ಕೆಳಗಿನ ಕೋಣೆಗೆ ಉದುರತೊಡಗಿತು. ಗಾಳಿ ಕಿಂಡಿಯಿಂದ ನುಸುಳಿ ಆ ಹಿಟ್ಟನ್ನು ಕೋಣೆಯ ತುಂಬ ಎಬ್ಬಿಸಿತು. ಪತಂಗಗಳು ಸೀನಿದವು. ರೆಕ್ಕೆ ಕೊಡವಿದವು. ಕೊಡವಿದಷ್ಟೂ ಹಿಟ್ಟು ಮೆತ್ತಿಕೊಂಡಿತು.

"ಈಗ ಬನ್ನಿ!" ಅಂದಳು ಪುಟ್ಟಮಾದಮ್ಮ. "ಹೆದರಬೇಡಿ, ಬನ್ನಿ!"

ಮೊದಲ ಪತಂಗ ಕಣ್ಣುಮುಚ್ಚಿ ಹಾರಿತು. ಬಲೆಗೆ ಬಡಿಯಿತು. ಜೇಡ ಓಡಿ ಬಂತು. ಪತಂಗ ಒದರಿಕೊಂಡಿತು. ಬಲೆಗೆ ಹತ್ತಿದ್ದು ಬರೀ ಹಿಟ್ಟು! ಪತಂಗ ಎಳೆಗಳ ಸಂದಿಯಿಂದ ಜಾರಿ ಹೊರಗೆ ಬಿತ್ತು, ಬಿದ್ದದ್ದೇ ಎದ್ದು ಹಾರಿತು.

ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ಆಮೇಲೆ ಎಲ್ಲವೂ.

ಬಲೆ ಹರಿಯಲಿಲ್ಲ. ಹಿಟ್ಟು ಹಿಡಿದು ಹಪ್ಪಳದ ಹಾಗೆ ಕಂಡಿತು, ಅಷ್ಟೆ. ಜೇಡ ಕಾಲಿನ ತುದಿಯಿಂದ ಒಂದಿಷ್ಟು ನೆಕ್ಕಿ ನೋಡಿ, "ಥೂ, ಉಪ್ಪೇ ಇಲ್ಲ," ಅಂದಿತು.

ಸಂಜೆಯಾಗಿತ್ತು. ಸೋರೆಯ ಚಪ್ಪರದಲ್ಲಿ ಬಿಳಿಯ ಹೂ ಅರಳಿತು, ಪತಂಗಗಳು ಬಂದವು. ಒಂದೊಂದು ಹೂವಿಗೂ ಬಂದವು. ಪುಟ್ಟಮಾದಮ್ಮ ಚಪ್ಪರದ ಕೆಳಗೆ ನಿಂತು ನೋಡಿದಳು. ಅವಳ ತಲೆಯ ಮೇಲೆಲ್ಲ ಹಿಟ್ಟು ಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಅವಳು ಎಲೆ ಸರಿಸಿದಳು. ಪೀಚು ಹಸಿರಾಗಿಯೇ ಇತ್ತು. ಬೆರಳಿನಿಂದ ಮೆಲ್ಲಗೆ ಮುಟ್ಟಿದಳು, ಉದುರಲಿಲ್ಲ. ಪಕ್ಕದ ಎಲೆ ಸರಿಸಿದಳು. ಅಲ್ಲಿಯೂ ಒಂದು. ಜವರಯ್ಯ ಹೋದಂದಿನಿಂದ ಎದೆಯಲ್ಲಿ ಬಿಗಿಹಿಡಿದಿದ್ದ ಉಸಿರು ಆಗ ಹೊರಗೆ ಬಂತು. ಅವಳು ಅಲ್ಲೇ ಮಣ್ಣಿನಲ್ಲಿ ಕುಳಿತು ಅತ್ತಳು, ಸಮಾಧಾನವಾಗುವಷ್ಟು ಅತ್ತಳು.

ಗೋಡೆಯ ಬುಡದಲ್ಲಿ ಮುದ್ದಯ್ಯ ಕಾಡುಬಳ್ಳಿಯ ಬೇರು ಮತ್ತೆ ನೆಡುತ್ತಿದ್ದ. "ಅಳೋರು ಅಳ್ತಾ ಒಂದು ಬುರುಡೆ ನೀರು ಈ ಕಡೆಗೂ ಹಾಕಿ ಅಕ್ಕ," ಅಂದ. ಪುಟ್ಟಮಾದಮ್ಮ ಮೂಗು ಒರೆಸಿಕೊಂಡು ನಕ್ಕಳು, ಎದ್ದು ನೀರು ಹಾಕಿದಳು.

ಪತಂಗಗಳು ಆ ಹಿಟ್ಟನ್ನು ತೊಳೆದುಕೊಳ್ಳಲೇ ಇಲ್ಲ. ಅದಿದ್ದರೆ ಬಲೆಯ ಭಯವಿಲ್ಲವೆಂದು ತಮ್ಮ ಮಕ್ಕಳಿಗೂ ಹಚ್ಚಿದವು, ಆ ಮಕ್ಕಳು ತಮ್ಮ ಮಕ್ಕಳಿಗೆ ಹಚ್ಚಿದವು.

ಆದ್ದರಿಂದಲೇ ಮಗು, ಇವತ್ತಿಗೂ ಹಗಲು ಹೊತ್ತು ಗೋಡೆಗೆ ಅಂಟಿ ಮಲಗಿರುವ ಪತಂಗವನ್ನು ನೀನು ಮುಟ್ಟಿದರೆ, ನಿನ್ನ ಬೆರಳ ತುದಿಗೆ ರಾಗಿ ಹಿಟ್ಟಿನಂಥ ನುಣ್ಣನೆಯ ಹುಡಿ ಹತ್ತುತ್ತದೆ.