ಮೂರು ಲೋಟ, ಒಂದೇ ನೀರು

"ಗುರುಗಳೇ, ಒಬ್ಬರ ಕೊರತೆ ನನಗೆ ಖಚಿತವಾಗಿ ಗೊತ್ತಾಗಿದೆ. ಗೊತ್ತಾದ ಮೇಲೆ ಎಲ್ಲರ ಎದುರು ಹೇಳಿಬಿಡುವುದೇ ಧರ್ಮವಲ್ಲವೇ?" ಎಂದು ಶಿಷ್ಯ ಕೇಳಿದ.

ಮಠದಲ್ಲಿ ದಿನವೂ ಪುರಾಣ ಓದುವ ವೃದ್ಧರೊಬ್ಬರು ಈಚೆಗೆ ಸಾಲು ಬಿಟ್ಟು ಓದುತ್ತಿದ್ದರು. ಅವರ ಕಣ್ಣು ಮಂಜಾಗಿದೆ, ಪುಟ ನೋಡದೆ ನೆನಪಿನಿಂದ ಹೇಳುತ್ತಿದ್ದಾರೆ ಎಂಬುದನ್ನು ಶಿಷ್ಯ ಕಂಡುಹಿಡಿದಿದ್ದ. ಗುರುಗಳು ಯಾರ ಕೊರತೆ ಎಂದು ಕೇಳಲಿಲ್ಲ.

"ಹೇಗೆ ಗೊತ್ತಾಯಿತು?" ಎಂದರು.

"ಪರೀಕ್ಷೆ ಮಾಡಿದೆ."

"ಹಾಗಾದರೆ ಕುಳಿತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬರು ರಾಯರಿದ್ದರು. ಕಾಫಿ ಬೀಜ ಹದಮಾಡುವ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ರುಚಿ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಚಮಚದಲ್ಲಿ ಕಾಫಿ ತೆಗೆದು, ಸೊರ್ರೆಂದು ಹೀರಿ, ಬಾಯಲ್ಲಿ ಆಡಿಸಿ ಉಗಿದರೆ ಸಾಕು. ಬೀಜ ಎಷ್ಟು ಬಿಸಿಲು ಕಂಡಿದೆ, ಎಷ್ಟು ದಿನ ಗೋಣಿಯಲ್ಲಿ ಕೂತಿದೆ ಎಂದು ಹೇಳುತ್ತಿದ್ದರು. ಕೆಲಸ ಬಿಟ್ಟ ಮೇಲೂ ಬೀದಿಯವರು ಹೊಸ ಪುಡಿ ತಂದರೆ ಮೊದಲು ಅವರಿಗೆ ತೋರಿಸುತ್ತಿದ್ದರು. ಮನೆಯಲ್ಲಿ ಬೇರೆ ಯಾವ ವಿಷಯಕ್ಕೂ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಮಗ ಹೊಸ ಮನೆ ಕಟ್ಟಿಸಿದಾಗ ಬಾಗಿಲು ಯಾವ ಕಡೆ ಇರಬೇಕೆಂದು ಕೂಡ ಕೇಳಲಿಲ್ಲ. ಕಾಫಿಗೆ ಮಾತ್ರ ಕೇಳುತ್ತಿದ್ದರು.

ಅವರ ಸೊಸೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ಅಂದಾಜಿನಲ್ಲಿ ಯಾವುದನ್ನೂ ಮಾಡುವವಳಲ್ಲ. ಹೊಸ ಮನೆಗೆ ಬಂದ ಮೇಲೆ ಕಾಫಿ ಕೆಟ್ಟಿತೆಂದು ಅವಳಿಗೆ ಅನ್ನಿಸಿತು. ಪುಡಿ ಅದೇ, ಫಿಲ್ಟರ್ ಅದೇ, ಅಳತೆ ಅದೇ. ಆದರೂ ರಾಯರು ದಿನವೂ ಅರ್ಧ ಲೋಟ ಹಾಗೇ ಬಿಡುತ್ತಿದ್ದರು. ಕೇಳಿದರೆ, "ಚೆನ್ನಾಗಿದೆಯಮ್ಮ" ಎನ್ನುತ್ತಿದ್ದರು.

ಬದಲಾದದ್ದು ನೀರೊಂದೇ. ತಪ್ಪು ಅಲ್ಲಿಯೇ ಇರಬೇಕೆಂದು ಸೊಸೆ ನಿಶ್ಚಯಿಸಿದಳು.

ಆ ಬೀದಿಗೆ ನೀರು ನಾಲ್ಕು ಬಗೆಯದು. ಮನೆಯ ಬೋರ್‌ವೆಲ್ ನೀರು ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರು ಬಿಡುತ್ತಿತ್ತು. ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿಯ ವಾಸನೆ. ಅಂಗಡಿಯ ಕ್ಯಾನ್ ನೀರಿಗೆ ಪದರೂ ಇಲ್ಲ, ವಾಸನೆಯೂ ಇಲ್ಲ. ಯಂತ್ರ ಅದರಿಂದ ಕೆಟ್ಟದ್ದರ ಜೊತೆಗೆ ಒಳ್ಳೆಯದನ್ನೂ ತೆಗೆದುಬಿಟ್ಟಿತ್ತು. ಉಳಿದದ್ದು ಪಕ್ಕದ ಮನೆಯ ಬಾವಿಯ ನೀರು. ಅದರಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆಂದು ಬೀದಿಯ ಹೆಂಗಸರು ಹೇಳುತ್ತಿದ್ದರು.

ಸೊಸೆ ಒಂದು ನೋಟ್‌ಬುಕ್ ತೆರೆದಳು. ದಿನಾಂಕ, ಯಾವ ನೀರು, ಎಷ್ಟು ಹೊತ್ತು ಕುದಿಸಿದ್ದು, ಮಾವ ಹೇಳಿದ್ದು. ಬೆಳಿಗ್ಗೆ ಮೂರು ಬಗೆಯ ನೀರಿನಲ್ಲಿ ಮೂರು ಲೋಟ ಕಾಫಿ ಮಾಡಿ ಅವರ ಮುಂದೆ ಇಡುತ್ತಿದ್ದಳು. ಹಾಲು ಸಕ್ಕರೆ ಹಾಕುತ್ತಿರಲಿಲ್ಲ. ಹಾಲು ನೀರಿನ ತಪ್ಪನ್ನು ಮುಚ್ಚುತ್ತದೆ. ಯಾವ ಲೋಟ ಯಾವ ನೀರಿನದು ಎಂದು ಹೇಳುತ್ತಿರಲಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿತಂತೆ, ಕೊನೆಯ ಅಂಕಣದಲ್ಲಿ ಇಂದು ಯಾವುದು ಗೆಲ್ಲಬಹುದು ಎಂಬ ತನ್ನ ಊಹೆಯನ್ನೂ ಮೊದಲೇ ಬರೆದಿಡುತ್ತಿದ್ದಳು.

ರಾಯರು ಹುರುಪಿನಿಂದ ಕೂರುತ್ತಿದ್ದರು. ಮಡಿಸಿದ ಪಂಚೆ ಉಟ್ಟು, ಕನ್ನಡಕ ಒರೆಸಿಕೊಂಡು ಬರುತ್ತಿದ್ದರು. ಹೀರುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು, ಸೊಸೆಯ ಕಡೆ ನೋಡುತ್ತಿದ್ದರು, ಆಮೇಲೆ ಒಂದು ಲೋಟ ಮುಟ್ಟಿ, "ಇದು" ಎನ್ನುತ್ತಿದ್ದರು.

ಇಪ್ಪತ್ತೊಂದು ದಿನ ಕಳೆಯಿತು. ಸೊಸೆ ಲೆಕ್ಕ ಹಾಕಲು ಕುಳಿತಳು. ಲೆಕ್ಕ ಕೂಡಲಿಲ್ಲ. ಬಾವಿಯ ನೀರಿಗೆ ಸೋಮವಾರ "ಇದಕ್ಕೆ ಸಾಟಿಯಿಲ್ಲ" ಎಂದಿದ್ದರು, ಗುರುವಾರ "ಮಣ್ಣು ಮಣ್ಣು" ಎಂದಿದ್ದರು. ಬೋರ್‌ವೆಲ್ ನೀರಿಗೆ ಎರಡು ಸಲ "ಭೇಷ್" ಎಂದಿದ್ದರು. ಪುಡಿ ಹಳಸಿತೇ ಎಂದು ನೋಡಿದಳು. ಫಿಲ್ಟರಿನ ತೂತು ಕಟ್ಟಿದೆಯೇ ಎಂದು ಸೂಜಿ ಹಾಕಿ ನೋಡಿದಳು. ಕೊನೆಗೆ ಅವಳ ಕಣ್ಣು ಕೊನೆಯ ಅಂಕಣದ ಮೇಲೆ ಬಿತ್ತು. ಅವಳು ಮೊದಲೇ ಬರೆದಿಟ್ಟ ಊಹೆಯೂ ರಾಯರ ತೀರ್ಪೂ ಇಪ್ಪತ್ತು ದಿನ ಒಂದೇ ಆಗಿದ್ದವು. ತಪ್ಪಿದ್ದು ಒಂದೇ ದಿನ. ಅಂದು ಅವಳಿಗೆ ಹಲ್ಲುನೋವಿತ್ತು.

ಮರುದಿನ ಅವಳು ಮೂರು ಲೋಟಕ್ಕೂ ಒಂದೇ ನೀರಿನ ಕಾಫಿ ಸುರಿದಳು.

ರಾಯರು ಮೂರನ್ನೂ ಹೀರಿದರು. ಸೊಸೆಯ ಕಡೆ ನೋಡಿದರು. ಇನ್ನೊಮ್ಮೆ ಹೀರಿದರು. ಇನ್ನೊಮ್ಮೆ ನೋಡಿದರು. ಆಮೇಲೆ ನಡುವಿನ ಲೋಟದ ಮೇಲೆ ಬೆರಳಿಟ್ಟು, "ಇದು ಕಣಮ್ಮ. ಉಳಿದೆರಡು ಇದರ ಹತ್ತಿರಕ್ಕೂ ಬರೋಲ್ಲ" ಎಂದರು.

ಸೊಸೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಗೃಹಪ್ರವೇಶದ ತಿಂಗಳಲ್ಲಿ ರಾಯರಿಗೆ ಹತ್ತು ದಿನ ಜ್ವರ ಬಂದಿತ್ತು. ಜ್ವರ ಹೋದಾಗ ಮೂಗಿನ ವಾಸನೆಯೂ ಅದರ ಹಿಂದೆ ಹೋಗಿತ್ತು. ವಾಸನೆ ಹೋದವರಿಗೆ ಕಾಫಿ ಎಂದರೆ ಬಿಸಿ ಮತ್ತು ಕಹಿ, ಅಷ್ಟೇ. ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಸೊಸೆಯ ಮುಖ ನೋಡಿ ಹೇಳುತ್ತಿದ್ದರು. ಯಾವ ಲೋಟವನ್ನು ಅವಳು ಆಸೆಯಿಂದ ಕೆಳಗಿಟ್ಟಳೋ ಅದೇ ಒಳ್ಳೆಯದು ಎನ್ನುತ್ತಿದ್ದರು. ಇದಿಷ್ಟೂ ಅವಳಿಗೆ ಆ ಹೊತ್ತಿನಲ್ಲಿ ಅರ್ಥವಾಯಿತು.

ಗಂಡನಿಗೆ ಹೇಳಬಹುದಿತ್ತು. ಹೇಳಿದ್ದರೆ ಅವನು ವೈದ್ಯರ ಬಳಿ ಕರೆದುಕೊಂಡು ಹೋಗುತ್ತಿದ್ದ, ನಾಲ್ಕು ಜನರ ಎದುರು "ಅಪ್ಪನಿಗೆ ಈಗ ರುಚಿ ಗೊತ್ತಾಗೋಲ್ಲ" ಎನ್ನುತ್ತಿದ್ದ. ಅದರಲ್ಲಿ ಸುಳ್ಳು ಇರುತ್ತಿರಲಿಲ್ಲ. ರಾಯರನ್ನು ಕೇಳಲು ಮಾತ್ರ ಯಾರಿಗೂ ಏನೂ ಉಳಿಯುತ್ತಿರಲಿಲ್ಲ.

ಸೊಸೆ ಹೊಸ ಪುಟ ತಿರುಗಿಸಿದಳು. ಮರುದಿನ ಒಂದು ಲೋಟ ತನಗೂ ತಂದುಕೊಂಡು ರಾಯರ ಎದುರು ಕುಳಿತಳು.

"ಮಾವ, ನಾನು ಕುಡೀತೀನಿ. ಹೇಗೆ ನೋಡ್ಬೇಕು ಅಂತ ಹೇಳಿಕೊಡಿ" ಎಂದಳು.

ರಾಯರು ಅವಳ ಕಡೆಗೆ ಲೋಟ ಸರಿಸಿದರು. ಯಾಕೆ ಎಂದು ಕೇಳಲಿಲ್ಲ. "ಮೊದಲು ಮೂಗು. ಲೋಟ ಬಾಯಿಗೆ ಇಡೋ ಮುಂಚೆ ಅರ್ಧ ಕೆಲಸ ಮುಗಿದಿರಬೇಕು" ಎಂದರು.

ಎರಡು ತಿಂಗಳು ಅವರು ಹೇಳಿಕೊಟ್ಟರು. ನಾಲಿಗೆಯ ತುದಿ ಏನು ಹೇಳುತ್ತದೆ, ಅಂಚು ಏನು ಹೇಳುತ್ತದೆ, ನುಂಗಿದ ಮೇಲೆ ಐವತ್ತು ಎಣಿಸಿದರೂ ಉಳಿಯುವ ರುಚಿ ಯಾವುದು. ಮೂವತ್ತೆರಡು ವರ್ಷದ ನೆನಪು ಅವರಲ್ಲಿತ್ತು. ಮೂಗು ಮಾತ್ರ ಇರಲಿಲ್ಲ. ಅವಳಲ್ಲಿ ಮೂಗಿತ್ತು. ಈಗ ನೋಟ್‌ಬುಕ್ಕಿನ ಲೆಕ್ಕ ಕೂಡತೊಡಗಿತು. ಬೋರ್‌ವೆಲ್ ನೀರಿನಲ್ಲಿ ಪರಿಮಳ ಏಳುವುದಿಲ್ಲ. ಕ್ಯಾನ್ ನೀರಿನ ಕಾಫಿಗೆ ಹುಳಿ ಮುಂದು, ಬಾಯಿ ತುಂಬುವ ಮೈಯಿಲ್ಲ. ನಲ್ಲಿಯ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದಿಟ್ಟರೆ ವಾಸನೆ ಹೋಗಿ ಪರವಾಗಿಲ್ಲ ಎನ್ನಿಸುತ್ತದೆ. ಎಲ್ಲಕ್ಕಿಂತ ಮೇಲು ಪಕ್ಕದ ಮನೆಯ ಬಾವಿಯ ನೀರು; ಆಗ ತಾನೇ ಸೇದಿ, ಒಂದೇ ಸಲ ಕುದಿಸಿ, ಕುದಿ ನಿಂತ ಮೇಲೆ ಪುಡಿಗೆ ಹಾಕಬೇಕು. ಇದನ್ನು ಅವಳು ನಾಲಿಗೆಯಿಂದ ತಿಳಿದು ಬರೆದಳು. ದಿನವೂ ಒಂದು ಬಿಂದಿಗೆ ಅಲ್ಲಿಂದ ತರತೊಡಗಿದಳು.

ಪಕ್ಕದ ಮನೆಯವನು ಬಟ್ಟೆ ವ್ಯಾಪಾರಿ. ಮಾತುಗಾರ. ಹೊಸ ಕಾರು ಕೊಂಡಿದ್ದ. ನಿಲ್ಲಿಸಲು ಜಾಗವಿಲ್ಲದೆ ಬಾವಿ ಮುಚ್ಚಲು ಹೊರಟ. ಅವನ ತಾಯಿ, ಈ ನೀರಿಲ್ಲದೆ ನನಗೆ ಕಾಫಿ ಸೇರುವುದಿಲ್ಲ ಎಂದು ಹಟ ಹಿಡಿದರು. "ನೀರು ಅಂದ್ರೆ ನೀರು, ಅದರಲ್ಲೇನಮ್ಮ" ಎಂದು ಮಗ ನಕ್ಕ. "ರಾಯರನ್ನ ಕೇಳು, ಅವರು ಹೇಳಲಿ" ಎಂದರು ತಾಯಿ.

ಭಾನುವಾರ ಬೆಳಿಗ್ಗೆ ಆ ವ್ಯಾಪಾರಿ ತಟ್ಟೆಯಲ್ಲಿ ಎರಡು ಲೋಟ ಇಟ್ಟುಕೊಂಡು ರಾಯರ ಮನೆಗೆ ಬಂದ. ಹಿಂದೆ ತಾಯಿ. ಅವರ ಹಿಂದೆ ಬೀದಿಯ ನಾಲ್ಕೈದು ಜನ.

"ರಾಯರೇ, ಒಂದು ನಮ್ಮ ಬಾವೀದು, ಒಂದು ಬೋರ್‌ವೆಲ್ಲಿಂದು. ಯಾವುದು ಯಾವುದು ಅಂತ ಹೇಳಿಬಿಟ್ರೆ ಬಾವಿ ಉಳೀತು. ಇಲ್ಲ ಅಂದ್ರೆ ನಾಳೇನೇ ಮಣ್ಣಿನ ಲಾರಿ. ನಿಮ್ಮ ನಾಲಿಗೆ ಇನ್ನೂ ಪಿಂಚಣಿ ತಗೊಂಡಿಲ್ಲ ತಾನೇ?"

ಎಲ್ಲರೂ ನಕ್ಕರು. ರಾಯರೂ ನಕ್ಕರು.

"ಮತ್ತೆ ಸೊಸೆ ಕೈಗೆ ಕೊಡೋ ಹಾಗಿಲ್ಲ. ಅವರು ದಿನಾ ನಮ್ಮನೆ ನೀರು ಹೊರೋರು. ನೀವೇ ಹೇಳ್ಬೇಕು" ಎಂದ ವ್ಯಾಪಾರಿ.

ರಾಯರು ಒಂದು ಲೋಟ ಎತ್ತಿದರು.  ಬಾಗಿಲಲ್ಲಿ ನಿಂತ ಸೊಸೆಯ ಕಡೆ ನೋಡಿದರು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಕಾಫಿ ಮಾಡಿದವಳು ಅವಳಲ್ಲ. ಯಾವುದು ಯಾವುದೆಂದು ಅವಳಿಗೂ ತಿಳಿಯದು. ಹಿರಿಯರಿಗೆ ಕೊಟ್ಟ ಲೋಟಕ್ಕೆ ಅವಳು ಮೊದಲು ಬಾಯಿ ಹಚ್ಚುವಂತಿಲ್ಲ; ಎಂಜಲಾಗುತ್ತದೆ. ರಾಯರು ಲೋಟವನ್ನು ಹಾಗೇ ಹಿಡಿದಿದ್ದರು. ಜನ ಕಾಯುತ್ತಿದ್ದರು.

ಸೊಸೆ ಅಡುಗೆಮನೆಗೆ ಹೋಗಿ ಒಂದು ಬಟ್ಟಲು ತಂದಳು.

"ಸುಡ್ತಿದೆ ಮಾವ. ಕೊಡಿ, ಆರಿಸಿ ಕೊಡ್ತೀನಿ" ಎಂದಳು.

ಯಾರಿಗೂ ವಿಶೇಷವೆನ್ನಿಸಲಿಲ್ಲ. ಯಾವ ಮನೆಯ ಸೊಸೆಯಾದರೂ ಮಾಡುವ ಕೆಲಸ. ಅವಳು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ, ಮೊಳದೆತ್ತರದಿಂದ ಧಾರೆ ಬಿಟ್ಟಳು. ಹಬೆ ಅವಳ ಮೂಗಿಗೆ ಬಂತು. ಬಟ್ಟಲು ತೊಳೆದು ತಂದು ಎರಡನೆಯದನ್ನೂ ಹಾಗೆಯೇ ಸುರಿದಳು. ಎರಡೂ ಲೋಟವನ್ನು ರಾಯರ ಮುಂದೆ ಇಟ್ಟು, ಹಿಂದಕ್ಕೆ ಸರಿದು ನಿಂತಳು. 

ರಾಯರು ಅವಳ ಮುಖ ನೋಡಿದರು; ಅವಳ ಕಣ್ಣು ಒಂದು ಲೋಟದ ಮೇಲೆ ನಿಂತಿತ್ತು. ಆಮೇಲೆ ಕಾರ್ಖಾನೆಯ ದಿನಗಳಂತೆ ನೆಟ್ಟಗೆ ಕುಳಿತು, ಒಂದನ್ನು ಹೀರಿದರು. ಬಿಟ್ಟು ಇನ್ನೊಂದನ್ನು ಹೀರಿದರು. ಅವಸರ ಮಾಡಲಿಲ್ಲ.

"ಮುಹೂರ್ತ ಬೇರೆ ನೋಡ್ಬೇಕೇ ರಾಯರೇ?" ಎಂದ ವ್ಯಾಪಾರಿ.

"ಮುಟ್ಟಿ ನೋಡಿ ಹೇಳೋಕೆ ಇದೇನು ನಿನ್ನ ಬಟ್ಟೆಯೇನಯ್ಯ?" ಎಂದರು ರಾಯರು. ಎಡಗಡೆಯ ಲೋಟವನ್ನು ಮುಂದಕ್ಕೆ ತಳ್ಳಿದರು. "ಇದು ನಿಮ್ಮ ಬಾವಿ."

ವ್ಯಾಪಾರಿ ಲೋಟ ಎತ್ತಿ ತಳಕ್ಕೆ ಅಂಟಿಸಿದ್ದ ಚೀಟಿ ನೋಡಿದ. ತಲೆ ಕೆರೆದುಕೊಂಡ. "ಕಾರಿಗೆ ಒಂದು ಹೊದಿಕೆ ಹೊಲಿಸಿ ಬೀದೀಲೇ ನಿಲ್ಲಿಸ್ತೀನಿ ಬಿಡಿ" ಎಂದು ಹೊರಟುಹೋದ. ಜನ ಚದುರಿದರು.

ಮನೆಯಲ್ಲಿ ಇಬ್ಬರೇ ಉಳಿದರು.

"ನಿನಗೆ ಯಾವಾಗ ಗೊತ್ತಾಯ್ತಮ್ಮ?" ಎಂದು ರಾಯರು ಕೇಳಿದರು.

"ಮೂರು ಲೋಟಕ್ಕೂ ಒಂದೇ ನೀರು ಹಾಕಿದ ದಿನ, ಮಾವ."

"ನನಗೂ ಅವತ್ತೇ ಗೊತ್ತಾಯ್ತು. ನಾನು ನಡುವಿನದು ಅಂದಾಗ ನಿನ್ನ ಮುಖ ಇಳಿದುಹೋಯ್ತು." ಅವರು ಕನ್ನಡಕ ಒರೆಸಿಕೊಂಡರು. "ಮನೆಯವರಿಗೆಲ್ಲ ಹೇಳ್ತೀಯ ಅಂತ ಅವತ್ತು ರಾತ್ರಿವರೆಗೂ ಕಾದೆ. ನೀನು ಕಲಿಸಿ ಅಂತ ಬಂದು ಕೂತೆ."

ಮರುವಾರ ವ್ಯಾಪಾರಿಯ ತಾಯಿ ಹೊಸ ಪುಡಿ ತಂದು ರಾಯರ ಮುಂದೆ ಇಟ್ಟರು. ರಾಯರ ಮಗನೂ ಅಲ್ಲೇ ಕುಳಿತಿದ್ದ. ರಾಯರು ಪುಡಿಯ ಪೊಟ್ಟಣವನ್ನು ಎತ್ತಿ ಸೊಸೆಯ ಕೈಗೆ ಕೊಟ್ಟರು.

"ಇನ್ನು ಮೇಲೆ ಇವಳನ್ನ ಕೇಳಿ. ಆ ಜ್ವರ ಬಂದಾಗಿನಿಂದ ನನ್ನ ಮೂಗು ಸತ್ತಿದೆ. ಕಲಿಸೋದಿತ್ತು, ಕಲಿಸಿದ್ದೀನಿ" ಎಂದರು.

ಯಾರೂ ಒತ್ತಾಯಿಸದೆ, ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು, ತಮ್ಮ ಬಾಯಿಂದಲೇ ಹೇಳಿದರು. ಮಗ ಎದ್ದು ಬಂದು ತಂದೆಯ ಪಕ್ಕದಲ್ಲಿ ಕುಳಿತ. ವ್ಯಾಪಾರಿಯ ತಾಯಿ ಮಾತ್ರ ಧ್ವನಿ ತಗ್ಗಿಸಿ, "ಸದ್ಯಕ್ಕೆ ಇದು ನನ್ನ ಮಗನ ಕಿವಿಗೆ ಬೀಳೋದು ಬೇಡ ರಾಯರೇ. ಬಾವಿ ಪಾಡು ಮತ್ತೆ ಕಷ್ಟ" ಎಂದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ಸೊಸೆಗೆ ನಿಜ ತಿಳಿದಿತ್ತು. ತಿಳಿದೂ ಎರಡು ತಿಂಗಳು ಅದನ್ನು ಮುಚ್ಚಿಟ್ಟಳಲ್ಲ?" ಎಂದ.

"ಮುಚ್ಚಿಡಲಿಲ್ಲ, ಮಗು, ಸುಡುತ್ತಿತ್ತು, ಆರಿಸಿ ಕೊಟ್ಟಳು."